ಬೇಸಕ್ಕನ ಗಿಟಾರಿನ ಕತ್ತು

ಬೇಸಕ್ಕನ ಸಿಟ್ಟನ್ನು ಕಂಡವರು ಕಡಿಮೆ ಎಂದರೆ ಸುಳ್ಳಾಗುತ್ತದೆ. ಕಂಡವರು ಬೇಕಾದಷ್ಟಿದ್ದಾರೆ, ಕಂಡಮೇಲೂ ಎದುರಿಗೆ ನಿಂತವರು ಕಡಿಮೆ.

ಬ್ಯಾಂಕಿನವರ ಹತ್ತಿರ ಅವಳ ಹೆಸರು ಬೇರೆ ಏನೋ ಇದೆ. ಬೀದಿಯವರಿಗೆ, ಹೋಟೆಲಿನವರಿಗೆ, ರೇಗಿಸುವ ಹುಕಿ ಬಂದಾಗ ಗಂಡನಿಗೂ, ಅವಳು ಬೇಸಕ್ಕ. ಬೇಸ್ ಗಿಟಾರ್ ನುಡಿಸುವ ಅಕ್ಕ. ಮಾಮೂಲಿ ಗಿಟಾರಿಗಿಂತ ಉದ್ದ ಕತ್ತಿನ, ನಾಲ್ಕೇ ನಾಲ್ಕು ದಪ್ಪ ತಂತಿಯ ವಾದ್ಯ ಅದು. ಹಾಡಿನ ತಳದಲ್ಲಿ ಧುಂ ಧುಂ ಎಂದು ನಡೆಯುತ್ತಿರುತ್ತದೆ. ಇದ್ದಾಗ ಯಾರೂ ತಿರುಗಿ ನೋಡುವುದಿಲ್ಲ. ನಿಂತುಹೋದರೆ ಮಾತ್ರ ಕುಣಿಯುವವರಿಗೆ ಕಾಲು ಎಲ್ಲಿಡಬೇಕೆಂದು ತೋಚುವುದಿಲ್ಲ. ಹೋಟೆಲಿಗೆ ಊಟಕ್ಕೆ ಬಂದವರು ಹಾಡುವವಳಿಗೆ ಚಪ್ಪಾಳೆ ತಟ್ಟುತ್ತಾರೆ, ಬೇಸಕ್ಕನ ತಮ್ಮನ ಕೀಬೋರ್ಡಿಗೆ ತಟ್ಟುತ್ತಾರೆ. ಬೇಸಕ್ಕನಿಗೆ ಯಾರೂ ತಟ್ಟಿದ್ದಿಲ್ಲ. ಅವಳಿಗೆ ಅದರ ಗೊಡವೆಯೂ ಇಲ್ಲ.

ವಾರದ ದಿನಗಳಲ್ಲಿ ಅವಳು ಗಂಡನ ಜೊತೆ ಸೋಫಾ ಅಂಗಡಿಯಲ್ಲಿರುತ್ತಾಳೆ. ಅವಳ ಅಪ್ಪನ ಕಾಲದ ಅಂಗಡಿ. ಒಂದು ಪಕ್ಕ ಬಸ್ಸಿನ ಸೀಟುಗಳ ರಾಶಿ, ಇನ್ನೊಂದು ಪಕ್ಕ ಕಾಲು ಮುರಿದ ಕುರ್ಚಿಗಳು, ನಡುವೆ ಉದ್ದನೆಯ ಬೆಂಚು. ಗಂಡ ಸ್ಪಂಜು ಕತ್ತರಿಸಿ ಚೌಕಟ್ಟಿಗೆ ಪಟ್ಟಿ ಬಿಗಿಯುತ್ತಾನೆ. ಇವಳು ರೆಕ್ಸಿನ್ನೋ ಬಟ್ಟೆಯೋ ಅಳತೆಗೆ ಕೊಯ್ದು, ಹೊಲಿದು, ಬಾಯಲ್ಲಿ ಮೊಳೆ ಕಚ್ಚಿಕೊಂಡು ಒಂದೊಂದಾಗಿ ಹೊಡೆಯುತ್ತಾಳೆ. ಬಾಯಲ್ಲಿ ಮೊಳೆ ಇರುವಷ್ಟು ಹೊತ್ತು ಮನೆ ತಣ್ಣಗಿರುತ್ತದೆ ಎಂದು ಗಂಡ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ.

ಗಿಟಾರು ಬಂದದ್ದೂ ಈ ಅಂಗಡಿಗೇ. ಆಗ ಅವಳಿಗೆ ಹದಿನೇಳು. ಬಾಗಿಲು ಮುಚ್ಚಿದ ಒಂದು ಡ್ಯಾನ್ಸ್ ಕ್ಲಬ್ಬಿನ ವಾದ್ಯಗಾರ ಮನೆಯ ಸೋಫಾಕ್ಕೆ ಬಟ್ಟೆ ಹೊದಿಸಿಕೊಂಡು, ಕೂಲಿ ಕೊಡಲಾಗದೆ ಅದನ್ನು ಬಿಟ್ಟುಹೋಗಿದ್ದ. "ಇದನ್ನ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ಲಾ?" ಎಂದು ಅಪ್ಪ ಹಣೆ ಚಚ್ಚಿಕೊಂಡರು. ಮಗಳು ಅದನ್ನು ಎತ್ತಿಕೊಂಡು ಒಳಗೆ ಹೋದವಳು ಊಟಕ್ಕೆ ಕರೆದರೂ ಹೊರಗೆ ಬರಲಿಲ್ಲ.

ಎರಡು ವರ್ಷದ ಮೇಲೆ ರೆಕ್ಸಿನ್ ಕೊಯ್ಯುವ ಚಾಕು ಜಾರಿ ಅವಳ ಎಡಗೈ ಕಿರುಬೆರಳಿನ ನರ ಕಡಿದುಹೋಯಿತು. ಬೆರಳು ಉಳಿಯಿತು, ಮಡಚುವುದು ಹೋಯಿತು. ಕತ್ತು ಹಿಡಿದು ತಂತಿ ಒತ್ತಬೇಕಾದದ್ದು ಅದೇ ಎಡಗೈ. ಪಾಪ, ಇನ್ನು ಗಿಟಾರಿನ ಆಸೆ ಬಿಡು ಎಂದು ಬಂದವರೆಲ್ಲ ಬುದ್ಧಿ ಹೇಳಿದರು. ಅವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆರಳು ಗಿಟಾರಿಗೆ ಹೊಂದದಿದ್ದರೆ ಗಿಟಾರೇ ಬೆರಳಿಗೆ ಹೊಂದಿಕೊಳ್ಳಲಿ ಎಂದವಳೇ, ಸೋಫಾದ ಕಾಲು ಉಜ್ಜುವ ಅರ ಹಿಡಿದು ಕತ್ತಿನ ಬೆನ್ನನ್ನು ಒಂದು ಮಗ್ಗುಲಿಗೆ ತೇಯ್ದು ತೇಯ್ದು ತೆಳ್ಳಗೆ ಮಾಡಿದಳು. ಬೇರೆಯವರು ಹಿಡಿದರೆ ಅದು ಓರೆ. ಅವಳ ಕೈಗೆ ನೆಟ್ಟಗೆ.

ಒಂದು ಸಲ ಕೈ ಹಾಕಿದ ಮೇಲೆ ಹೆದರಿಕೆ ಎಲ್ಲಿಯದು? ದನಿ ಉದ್ದಕ್ಕೆ ಎಳೆಯದಂತೆ ತಂತಿಗಳ ಬುಡಕ್ಕೆ ಸೋಫಾದ ಸ್ಪಂಜು ತುರುಕಿದಳು. ಗಿಟಾರಿನ ಮೈಯ ಬಣ್ಣ ಸುಲಿದಾಗ ಕುರ್ಚಿಗೆ ಬಳಿಯುವ ಕಂದು ಬಣ್ಣವನ್ನೇ ಬಳಿದಳು. ದನಿ ಏರಿಸಿ ಇಳಿಸುವ ಗುಂಡಿ ಸತ್ತಾಗ ಪಕ್ಕದ ಮನೆಯ ಹಾಳು ರೇಡಿಯೋದಿಂದ ಒಂದನ್ನು ಕಿತ್ತು ಕೂರಿಸಿದಳು. ಆಮೇಲೆ ನಲವತ್ತು ವರ್ಷ ಅದನ್ನು ನುಡಿಸಿದಳು. ಮದುವೆಯಾಗಿ ಬಂದ ಗಂಡ ಮೊದಲು ಕಲಿತದ್ದು ಅದನ್ನು ಎಲ್ಲಿಡಬಾರದು ಎಂಬುದನ್ನು.

ಆ ಗಿಟಾರು ಹುಟ್ಟಿದ್ದು ಯಾವಾಗ ಎಂದು ಅವಳು ಯೋಚಿಸಿದವಳೇ ಅಲ್ಲ. ಅದನ್ನು ಯೋಚಿಸಲು ಇಸವಿ ಮೇಷ್ಟ್ರು ಇದ್ದ. ಔಷಧಿ ಅಂಗಡಿಯ ಮಹಡಿಯ ಮೇಲೆ ವಾದ್ಯ ದುರಸ್ತಿಯ ಅಂಗಡಿ ಇಟ್ಟಿರುವ, ನಲವತ್ತರ ಆಸುಪಾಸಿನ ಮನುಷ್ಯ. ಯಾರಿಗೂ ಪಾಠ ಹೇಳಿದವನಲ್ಲ, ಆದರೂ ಆ ಹೆಸರು ಅಂಟಿತ್ತು. ಹಳೆಯ ಗಿಟಾರು ಕೈಗೆ ಬಂದರೆ ಸಾಕು, ತಿರುಪು ಬಿಚ್ಚಿ, ಬೆಸುಗೆಗೆ ಬ್ಯಾಟರಿ ಬೆಳಕು ಬಿಟ್ಟು, ಬಣ್ಣ ಮೂಸಿ, ಇದು ಇಂಥ ಇಸವಿಯದು ಎಂದು ಹೇಳದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಬೇಸಕ್ಕನ ಗಿಟಾರನ್ನು ಮೊದಲ ಸಲ ಬಿಚ್ಚಿದಾಗ ಅವನು ದನಿಯ ಗುಂಡಿಯ ಬೆನ್ನು ನೋಡಿದ್ದ. ಆ ಗುಂಡಿಗಳ ಬೆನ್ನಿಗೆ ತಯಾರಾದ ವರ್ಷ, ವಾರ ಎಲ್ಲ ಅಂಕಿಯಲ್ಲಿ ಒತ್ತಿರುತ್ತಾರೆ. ಓದಿ ಲೆಕ್ಕ ಹಾಕಿದವನೇ ಕುರ್ಚಿ ಬಿಟ್ಟು ಎದ್ದುಬಿಟ್ಟ.

"ಅಕ್ಕಾ! ಈ ಇಸವಿಗೆ ಆ ಕಂಪನಿಯವರು ಬೇಸ್ ಗಿಟಾರ್ ಮಾಡೋಕೇ ಶುರು ಮಾಡಿರ್ಲಿಲ್ಲ!"

"ಅದು ಪಕ್ಕದ್ಮನೆ ರೇಡಿಯೋ ಜಾತಕ ಕಣೋ," ಎಂದು ಬೇಸಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಅವನು ಪೆಚ್ಚಾದ. ಆದರೆ ಬಿಡುವ ಆಸಾಮಿಯಲ್ಲ. ಕತ್ತಿನ ತಿರುಪುಗಳನ್ನೇ ಬಿಚ್ಚಿದ. ಕತ್ತು ಮೈಗೆ ಕೂರುವ ಬುಡದಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಕಾರ್ಖಾನೆಯವರು ತಿಂಗಳು ಮತ್ತು ಇಸವಿಯ ಮುದ್ರೆ ಒತ್ತಿದ್ದರು. ಆ ಮಾದರಿಯ ಮೊಟ್ಟಮೊದಲ ಕಂತಿನಲ್ಲಿ ಬಂದದ್ದು. ಅವನ ಕಣ್ಣಲ್ಲಿ ನೀರೇ ಬಂತು. "ಗುಂಡಿ ಸುಳ್ಳು ಹೇಳ್ಬೋದು, ಬಣ್ಣ ಸುಳ್ಳು ಹೇಳ್ಬೋದು, ಕತ್ತಿನ ಬುಡ ಸುಳ್ಳು ಹೇಳಲ್ಲ ಅಕ್ಕಾ," ಎಂದು ಕತ್ತನ್ನು ಮಗುವಿನಂತೆ ತಿರುಗಿಸಿದವನು, ತೇಯ್ದ ಬೆನ್ನು ಕಂಡು ಕಿರುಚಿದ. "ಅಯ್ಯಯ್ಯೋ! ಯಾವ ಪಾಪಿ ಈ ಕೆಲಸ ಮಾಡಿದ್ದು?"

"ನಾನೇ."

ಅವತ್ತಿನಿಂದ ಅವನು ಅವಳ ಮುಂದೆ ಆ ವಿಷಯ ಎತ್ತಲಿಲ್ಲ. ಮನಸ್ಸಿನಲ್ಲಿ ಮಾತ್ರ ಇಟ್ಟುಕೊಂಡೇ ಇದ್ದ.

ಇನ್ನು ತಮ್ಮ. ಬೇಸಕ್ಕನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಅವಳ ಸೊಂಟದ ಮೇಲೆ ಬೆಳೆದವನು. ಈಗ ತಂಡದ ಯಜಮಾನ. ಪ್ರತಿ ಭಾನುವಾರ ಮಧ್ಯಾಹ್ನ ನದಿಯ ಪಕ್ಕದ ಹೋಟೆಲಿನ ದೊಡ್ಡ ಹಾಲಿನಲ್ಲಿ ಇವರ ವಾದ್ಯ: ತಮ್ಮನ ಕೀಬೋರ್ಡು, ಒಬ್ಬಳು ಹಾಡುವವಳು, ಒಬ್ಬ ಡ್ರಮ್ಮಿನವನು, ಒಬ್ಬ ಗಿಟಾರಿನವನು, ಮೂಲೆಯಲ್ಲಿ ಬೇಸಕ್ಕ. ತಮ್ಮ ಒಳ್ಳೆಯವನೇ. ಅವನದು ಒಂದೇ ಕಾಯಿಲೆ: ಯಾರ ಮುಖಕ್ಕೂ ಎದುರಾಗಿ ಕಹಿ ಮಾತು ಆಡಲಾರ. ಹೋಟೆಲಿಗೆ ಬಂದ ಹೊಸ ಮ್ಯಾನೇಜರು "ಐದು ಜನ ಯಾಕೆ, ನಾಲ್ಕು ಸಾಕಲ್ಲ? ನಿಮ್ಮ ಕೀಬೋರ್ಡಿನಲ್ಲೇ ಬೇಸ್ ಬರುತ್ತಂತಲ್ಲ?" ಎಂದಾಗ ಅವನು ಇಲ್ಲ ಎನ್ನಲಿಲ್ಲ. ಎಡಗೈಯಲ್ಲಿ ನುಡಿಸಬಹುದು ನಿಜ. ಅಕ್ಕನಿಗೂ ಅರವತ್ತಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮ್ಯಾನೇಜರಿಗೆ ಇಲ್ಲ ಎನ್ನಲಾರದವನು ಅಕ್ಕನಿಗೆ ಬೇಡ ಎನ್ನುವುದು ಹೇಗೆ? ಅದೂ ಆಗಲಿಲ್ಲ. ಇಸವಿ ಮೇಷ್ಟ್ರ ಹತ್ತಿರ ಹೋಗಿ ಕೂತ. ಹೇಡಿಗಳಿಗೆ ಉಪಾಯ ಬಹಳ ಹೊಳೆಯುತ್ತದೆ.

ಬೇಸಕ್ಕನಿಗೆ ಇದ್ಯಾವುದೂ ಗೊತ್ತಿಲ್ಲ. ರೇಡಿಯೋದ ಗುಂಡಿ ಕರಕರ ಎನ್ನುತ್ತಿತ್ತೆಂದು ಗಿಟಾರನ್ನು ಮೇಷ್ಟ್ರಿಗೆ ಕೊಟ್ಟು ಬಂದಿದ್ದಳು. "ಎರಡು ವಾರ ಬೇಕು ಅಕ್ಕಾ," ಎಂದಾಗ ಒಂದು ಗುಂಡಿಗೆ ಎರಡು ವಾರ ಯಾಕೆ ಎಂದು ಅನುಮಾನ ಬರಬೇಕಿತ್ತು. ಬರಲಿಲ್ಲ. ಅಷ್ಟರಲ್ಲಿ ಹೋಟೆಲಿನ ಹಾಲಿಗೆ ಬಣ್ಣ ಹೊಡೆಯುತ್ತಿದ್ದಾರೆ, ಎರಡು ಭಾನುವಾರ ವಾದ್ಯವಿಲ್ಲ ಎಂದು ತಮ್ಮನೂ ಹೇಳಿದ್ದ.

ಶನಿವಾರ ಬೆಳಿಗ್ಗೆ ತಮ್ಮ, ಮೇಷ್ಟ್ರು ಇಬ್ಬರೂ ಸೇರಿ, ಹಾಸಿಗೆಯ ಬಟ್ಟೆ ಹೊದಿಸಿದ ಆಳುದ್ದದ ಪೆಟ್ಟಿಗೆಯೊಂದನ್ನು ಅಂಗಡಿಗೆ ಹೊತ್ತು ತಂದರು. ಬೇಸಕ್ಕ ಬಾಯಲ್ಲಿದ್ದ ಮೊಳೆಗಳನ್ನು ಕೈಗೆ ಉಗುಳಿಕೊಂಡಳು.

"ಕಣ್ಣು ಮುಚ್ಕೋ ಅಕ್ಕ," ಎಂದ ತಮ್ಮ.

"ಮುಚ್ಚಲ್ಲ. ತೆಗಿ."

ಬಟ್ಟೆ ಸರಿಯಿತು. ಗಾಜಿನ ಮುಖದ, ಗೋಡೆಗೆ ನೇತುಹಾಕುವ ಪೆಟ್ಟಿಗೆ. ಒಳಗೆ ನೀಲಿ ಮಖಮಲ್ಲಿನ ಮೇಲೆ ಒಂದು ಬೇಸ್ ಗಿಟಾರು. ನಡುವೆ ಹಳದಿ, ಅಂಚಿಗೆ ಹೋಗುತ್ತ ಕಪ್ಪಾಗುವ ಬಣ್ಣ. ಥಳಥಳ ಹೊಳೆಯುವ ಗುಂಡಿಗಳು. ಬೇಸಕ್ಕ ಹತ್ತಿರ ಹೋಗಿ ನೋಡಿದಳು.

"ಚೆನ್ನಾಗಿದೆ. ಯಾರ್ದು ಇದು?"

"ನಿಂದೇ ಅಕ್ಕ."

ಅವಳು ತಮಾಷೆ ಎಂದುಕೊಂಡಳು. ಆಮೇಲೆ ಮೈಯ ಕೆಳಅಂಚಿನಲ್ಲಿ, ಹೊಸ ಬಣ್ಣದ ಕೆಳಗೂ ಮಾಸದೆ ಉಳಿದ, ತಾನೇ ಬೀಳಿಸಿ ಮಾಡಿದ್ದ ತಗ್ಗು ಕಾಣಿಸಿತು. ಅವಳ ಬೆರಳು ಗಾಜಿನ ಮೇಲೆ ಅಲ್ಲಿಗೇ ಹೋಯಿತು.

ಮೇಷ್ಟ್ರಿಗೆ ಉತ್ಸಾಹ ತಡೆಯಲಾಗಲಿಲ್ಲ. "ಎಲ್ಲಾ ಆ ಇಸವಿದೇ ಅಕ್ಕಾ! ಬಣ್ಣ ಆ ಇಸವಿದು. ಗುಂಡಿ ಆ ಇಸವಿದು, ರೇಡಿಯೋದಲ್ಲ ಈ ಸಲ! ಸ್ಪಂಜು ಕೂಡ ಕಾರ್ಖಾನೆಯವರು ಹಾಕ್ತಿದ್ದ ಥರದ್ದೇ. ಕತ್ತು ನೋಡಿ, ಕತ್ತು! ಅದೇ ತಿಂಗಳು, ಅದೇ ವರ್ಷ. ನಾಲ್ಕು ವರ್ಷದಿಂದ ಹುಡುಕ್ತಾ ಇದ್ದೆ. ಯಾರೂ ಮುಟ್ಟಿಲ್ಲ, ಯಾರೂ ತೇಯ್ದಿಲ್ಲ."

"ನನ್ನ ಕತ್ತು ಎಲ್ಲಿ?"

ಅವನು ಹೆಮ್ಮೆಯಿಂದ ಪೆಟ್ಟಿಗೆಯ ಕೆಳಮೂಲೆ ತೋರಿಸಿದ. ಅಲ್ಲಿ ಹಿತ್ತಾಳೆಯ ಚೌಕಟ್ಟಿನೊಳಗೆ ಬೆಂಕಿಪೊಟ್ಟಣದಷ್ಟು ಅಗಲದ ಮರದ ತುಂಡು. ಅದರ ಮೇಲೆ ಕಾರ್ಖಾನೆಯ ಮುದ್ರೆ.

"ಬುಡ ಕೊಯ್ದು ಇಟ್ಟಿದೀನಿ ಅಕ್ಕಾ. ಇಸವಿ ಇರೋ ಭಾಗ ಹಾಳಾಗ್ಬಾರ್ದು ಅಂತ. ಇದು ಮೂಲ ಗಿಟಾರೇ ಅನ್ನೋದಕ್ಕೆ ಅದೇ ಸಾಕ್ಷಿ ನೋಡಿ."

"ಮಿಕ್ಕಿದ್ದು?"

"ಬುಡ ಹೋದ್ಮೇಲೆ ಅದು ಮೈಗೆ ಕೂರಲ್ಲ. ತಿರುಪಿನ ತೂತೆಲ್ಲ ಅಲ್ಲೇ ಇರೋದು." ಅವನ ದನಿ ಸಣ್ಣಗಾಯಿತು. "ಅದು ಬರೀ ಕಟ್ಟಿಗೆ ಆಯ್ತಲ್ಲ ಅಕ್ಕಾ."

ಬೇಸಕ್ಕ ಬಸ್ಸಿನ ಸೀಟೊಂದರ ಮೇಲೆ ಕುಸಿದು ಕೂತಳು. ಅಳು ಬಂತು. ಅವಳು ಅತ್ತದ್ದನ್ನು ಗಂಡ ನೋಡಿದ್ದು ಅವಳ ಅಪ್ಪ ತೀರಿಕೊಂಡ ದಿನ ಮಾತ್ರ. ಹತ್ತೊಂಬತ್ತರ ಹುಡುಗಿ ಬಿಗಿದ ಬೆರಳು ಇಟ್ಟುಕೊಂಡು ಹಗಲೆಲ್ಲ ತೇಯ್ದ ಮರ ಅದು. ಒಂದು ಅಂಕಿ ಉಳಿಸುವುದಕ್ಕಾಗಿ ಅದನ್ನು ಕೊಯ್ದು ಹಾಕಿದ್ದರು, ಅದೂ ಮೆಚ್ಚಿಕೊಂಡು, ಪ್ರೀತಿಯಿಂದ. ಸಿಟ್ಟಿನಿಂದ ಮಾಡಿದ್ದರೆ ಕಪಾಳಕ್ಕೆ ಬಿಟ್ಟು ಸುಮ್ಮನಾಗಬಹುದಿತ್ತು.

"ಯಾಕೋ?" ಎಂದಳು, ತಮ್ಮನ ಕಡೆ ತಿರುಗಿ. "ಯಾಕೆ ಈ ಪೆಟ್ಟಿಗೆ?"

ತಮ್ಮ ನೆಲ ನೋಡಿದ, ಕುರ್ಚಿ ನೋಡಿದ, ಭಾವನ ಮುಖ ನೋಡಿದ. "ನಾಳೆ ನಿನಗೆ ಸನ್ಮಾನ ಅಕ್ಕ. ಹೋಟ್ಲಲ್ಲಿ. ಮುಂದಿನ ಸಾಲಲ್ಲಿ ಕುರ್ಚಿ ಹಾಕಿಸಿದೀನಿ. ನೀನು ಆರಾಮಾಗಿ ಕೂತ್ಕೊಂಡು ಕೇಳು. ಇಷ್ಟು ವರ್ಷ ದುಡಿದಿದೀಯ."

"ಬೇಸ್ ಯಾರು ನುಡಿಸ್ತಾರೆ?"

ಅವನು ಎಡಗೈಯನ್ನು ಮೆಲ್ಲಗೆ ಜೇಬಿಗೆ ಸೇರಿಸಿದ. ಬೇಸಕ್ಕನಿಗೆ ಎಲ್ಲ ಅರ್ಥವಾಯಿತು.

ಅವಳು ಎದ್ದು, ಪೆಟ್ಟಿಗೆಯ ಮುಂದಿನ ಚೌಕಟ್ಟಿನ ತಿರುಪು ಬಿಚ್ಚಿ, ಗಾಜನ್ನು ಎತ್ತಿ ಬೆಂಚಿನ ಮೇಲಿಟ್ಟು, ಗಿಟಾರನ್ನು ಹೊರಗೆ ತೆಗೆದಳು. ತಂತಿ ಕಟ್ಟೇ ಇತ್ತು. ಬೆಂಚಿನ ತುದಿಗೆ ಕೂತು ನುಡಿಸಲು ನೋಡಿದಳು. ದಪ್ಪ ಕತ್ತು ಅವಳ ಅಂಗೈಯನ್ನು ತುಂಬಿಬಿಟ್ಟಿತು. ಹೆಬ್ಬೆರಳು ಹಿಂದಕ್ಕೆ ಸರಿದರೆ ಮುಂದಿನ ಬೆರಳುಗಳು ತಂತಿಗೆ ಎಟುಕವು. ಮುಂದಕ್ಕೆ ತಂದರೆ ಕಿರುಬೆರಳು ಮೊಳೆಯಂತೆ ಸೆಟೆದು ಅಡ್ಡ ಬರುತ್ತದೆ. ಕಣ್ಣು ಮುಚ್ಚಿ ನುಡಿಸುತ್ತಿದ್ದ ಸಾಲು ಎರಡು ಕಡೆ ಮುಗ್ಗರಿಸಿತು. ಮತ್ತೆ ಹಿಡಿದಳು, ಮತ್ತೆ ಮುಗ್ಗರಿಸಿತು.

"ನೋಡು, ಕೈಗೆ ಕಷ್ಟ ಆಗ್ತಿದೆ. ಅದಕ್ಕೇ ನಾನು..." ಎಂದು ತಮ್ಮ ಮೆತ್ತಗೆ ಶುರು ಮಾಡಿದ.

"ಬಾಯಿ ಮುಚ್ಚೋ! ಹೋದ ತಿಂಗಳವರೆಗೂ ಇಲ್ದೇ ಇದ್ದ ಕಷ್ಟ. ನೀವಿಬ್ರೂ ಸೇರ್ಕೊಂಡು ಪೆಟ್ಟಿಗೇಲಿ ಹಾಕಿ ತಂದು ಕೊಟ್ಟಿದೀರ."

ಬೇಸಕ್ಕ ತಂತಿಗಳನ್ನು ಸಡಿಲಿಸಿ ಬಿಚ್ಚಿದಳು, ತಿರುಪು ಬಿಚ್ಚಿ ಕತ್ತನ್ನು ಮೈಯಿಂದ ಬೇರ್ಪಡಿಸಿದಳು, ಬಟ್ಟೆ ಸುತ್ತಿ, ಬೆನ್ನು ಮೇಲಾಗಿ ಬೆಂಚಿನ ಬಿಗಿ ಇಕ್ಕಳಕ್ಕೆ ಸಿಕ್ಕಿಸಿದಳು. "ರೀ, ಅರ ಕೊಡಿ."

ಗಂಡ ಒಂದು ಮಾತೂ ಕೇಳದೆ ಗೋಡೆಯ ಮೇಲಿದ್ದ ದೊಡ್ಡ ಅರ ತೆಗೆದುಕೊಟ್ಟ. ಕೊಡುವ ಮುಂಚೆ ಪ್ಯಾಂಟಿಗೆ ಒರೆಸಿಯೂ ಕೊಟ್ಟ.

ಆಗ ಮೇಷ್ಟ್ರಿಗೆ ಹೊಳೆಯಿತು. "ಅಕ್ಕಾ, ಬೇಡ! ನಿಮ್ಮ ಕಾಲು ಹಿಡ್ಕೋತೀನಿ. ಆ ಇಸವಿ ಕತ್ತು ಇನ್ನೊಂದು ಸಿಗಲ್ಲ."

"ನನಗೂ ಇನ್ನೊಂದು ಕೈ ಸಿಗಲ್ಲ."

"ಕೊಂದುಬಿಡ್ತೀರಾ ಅದನ್ನ!"

"ಕೊಂದು ಗೋಡೆಗೆ ನೇತುಹಾಕೋಕೆ ಹೊರಟಿದ್ದು ನೀನು."

ಅರ ಮೊದಲ ಸಲ ಬೆನ್ನ ಮೇಲೆ ಓಡಿದಾಗ ಹೊಳಪಿನ ಪದರ ಬಿಳಿ ಪುಡಿಯಾಗಿ ಉದುರಿತು. ಮೇಷ್ಟ್ರು ಕಿವಿ ಮುಚ್ಚಿಕೊಂಡ. ಅಷ್ಟು ವರ್ಷ ಯಾರ ಕೈಯೂ ತಾಗದ ಮರ ಬೆಣ್ಣೆಯ ಬಣ್ಣದಲ್ಲಿ ಹೊರಗೆ ಬಂತು. ಬೇಸಕ್ಕನ ಬಲಗೈ ಅರ ನಡೆಸುತ್ತಿತ್ತು. ಆಗಾಗ ನಿಲ್ಲಿಸಿ ಎಡಗೈಯನ್ನು ಕತ್ತಿನ ಸುತ್ತ ಹಾಕಿ ನೋಡುತ್ತಿದ್ದಳು. ಇನ್ನೂ ಇಲ್ಲ. ಮತ್ತೆ ಅರ. ಮೊದಲ ಸಲ ಇದನ್ನು ಮಾಡಿದಾಗ ಅವಳಿಗೆ ಭಯವಿತ್ತು. ಈಗ ಭಯವಿಲ್ಲ, ಬರೀ ಉರಿ. ಇವರು ನನ್ನನ್ನು ಕೇಳಲಿಲ್ಲ, ಒಂದು ಮಾತು ಕೇಳಲಿಲ್ಲ ಎಂಬ ಉರಿ.

"ಬುಡ ಒಂದು ಮುಟ್ಬೇಡಿ," ಎಂದು ಮೇಷ್ಟ್ರು ಗೋಗರೆದ. "ಇಸವಿ ಇರೋ ಬುಡ."

"ಬುಡ ನೀನೇ ಇಟ್ಕೋ. ಬೆನ್ನು ನಂದು."

ಮಧ್ಯಾಹ್ನದ ಹೊತ್ತಿಗೆ ಅಂಚು ಇಳಿದಿತ್ತು, ಆದರೆ ಅರದ ಗೀರು ತುಂಬ ಎದ್ದಿತ್ತು. ಅದನ್ನು ನಯ ಮಾಡಲು ಬಡಗಿಗಳು ಗಾಜಿನ ಚೂರಿನ ಅಂಚಿನಿಂದ ಮರವನ್ನು ಹೆರೆಯುತ್ತಾರೆ. ಸೋಫಾದ ಕಾಲಿಗೂ ಇವರು ಮಾಡುವುದು ಅದೇ. ಬೇಸಕ್ಕ ಸುತ್ತ ನೋಡಿದಳು. ಗಂಡನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವನು ಪೆಟ್ಟಿಗೆಯ ಗಾಜನ್ನು ಹಾಸಿಗೆಯ ಬಟ್ಟೆಯಲ್ಲಿ ಸುತ್ತಿ, ಸುತ್ತಿಗೆಯಿಂದ ಒಂದೇ ಏಟು ಕೊಟ್ಟ.

"ಭಾವಾ!" ಎಂದ ತಮ್ಮ.

"ಒಳ್ಳೆ ಗಾಜು ಹಾಕ್ಸಿದೀಯಪ್ಪ," ಎಂದು ಗಂಡ ಚೂರುಗಳನ್ನು ಬೆಳಕಿಗೆ ಹಿಡಿದು, ನೇರ ಅಂಚಿನದನ್ನು ಆರಿಸಿ ಹೆಂಡತಿಗೆ ಕೊಟ್ಟ.

ಗಾಜಿನ ಅಂಚು ತಾಗಿದ ಕಡೆಯೆಲ್ಲ ಮರ ಎಳೆಎಳೆಯಾಗಿ ಸುರುಳಿ ಸುತ್ತಿ ಬಿತ್ತು. ಮೇಷ್ಟ್ರು ಹೋಗಲೂ ಆಗದೆ ನಿಲ್ಲಲೂ ಆಗದೆ ಬೆಂಚಿನ ಸುತ್ತ ಸುತ್ತುತ್ತಿದ್ದ. ಕೊನೆಗೆ ಬಾಯಿ ಬಿಟ್ಟ. "ಒಳಗೆ ಕಬ್ಬಿಣದ ಸರಳಿದೆ ಅಕ್ಕಾ. ಜಾಸ್ತಿ ಹೆರೆದ್ರೆ ಅದು ಹೊರಗೆ ಬಂದ್ಬಿಡುತ್ತೆ. ಸಾಕು. ಅಲ್ಲೇ ನಿಲ್ಸಿ."

ಬೇಸಕ್ಕ ಕೈ ಹಾಕಿ ನೋಡಿದಳು. ಕಿರುಬೆರಳು ಇನ್ನೂ ಕೂದಲೆಳೆಯಷ್ಟು ಅಡ್ಡ ಬರುತ್ತಿತ್ತು. "ನಿಂಗೆ ಸಾಕು. ನನ್ನ ಕೈ ಸಾಕು ಅಂದಾಗ ಸಾಕು." ಇನ್ನೂ ಮೂರು ಸಲ ಉದ್ದಕ್ಕೆ ಎಳೆದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡ. ಸರಳು ಹೊರಗೆ ಬರಲಿಲ್ಲ. ಉಪ್ಪು ಕಾಗದ ಹಾಕಿ ತೀಡಿ, ಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಕತ್ತನ್ನು ಮತ್ತೆ ಮೈಗೆ ಕೂರಿಸಿ ತಂತಿ ಕಟ್ಟಿದಳು. ಕೈ ಇಟ್ಟಳು. ಬೆರಳುಗಳು ತಂತಮ್ಮ ಜಾಗಕ್ಕೆ ಹೋದವು.

ಕಾರ್ಖಾನೆಯ ಸ್ಪಂಜನ್ನು ಕಿತ್ತು ಮೇಷ್ಟ್ರ ಕೈಗೆ ಕೊಟ್ಟಳು. ಸೋಫಾದ್ದನ್ನು ತುರುಕಿದಳು.

ಭಾನುವಾರ ಹೋಟೆಲಿನ ಹಾಲ್ ತುಂಬಿತ್ತು. ಗೋಡೆಗಳಿಗೆ ಬಣ್ಣ ಹೊಡೆದ ಗುರುತೇ ಇರಲಿಲ್ಲ. ಬೇಸಕ್ಕ ಯಾವತ್ತಿನಂತೆ ಅಡುಗೆ ಮನೆಯ ಬಾಗಿಲಿನಿಂದ ಗಿಟಾರು ಹೆಗಲಿಗೆ ಹಾಕಿಕೊಂಡು ಬಂದಳು. ಮುಂದಿನ ಸಾಲಿನಲ್ಲಿ ಹೂಗುಚ್ಛ ಇಟ್ಟ ಕುರ್ಚಿಯೊಂದು ಅವಳಿಗಾಗಿ ಕಾದಿತ್ತು. ಹೂಗುಚ್ಛವನ್ನು ಪಕ್ಕದಲ್ಲಿ ಕೂತ ಹೆಂಗಸಿನ ಮಡಿಲಿಗೆ ಕೊಟ್ಟು, ಕುರ್ಚಿಯನ್ನು ಕರ್ರೆಂದು ಎಳೆದುಕೊಂಡು ಹೋಗಿ ತನ್ನ ಮೂಲೆಯಲ್ಲಿ ಹಾಕಿಕೊಂಡಳು.

ತಮ್ಮ ಮೈಕಿನ ಮುಂದೆ ನಿಂತಿದ್ದ. "ಇವತ್ತು ನಮ್ಮ ಅಕ್ಕ..." ಎಂದವನು ಅಲ್ಲಿಗೇ ನಿಲ್ಲಿಸಿ, ಮೈಕಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದ. "ಅಕ್ಕಾ, ಮ್ಯಾನೇಜರ್ ನೋಡ್ತಿದಾರೆ."

"ನೋಡ್ಲಿ. ನೋಡೋಕೆ ಟಿಕೆಟ್ಟಿಲ್ಲ."

ಬೇರೆ ದಾರಿ ಕಾಣದೆ ಅವನು ಹೋಗಿ ಮೊದಲ ಹಾಡು ಎತ್ತಿಕೊಂಡ. ಎಡಗೈ ಕೀಬೋರ್ಡಿನ ಬೇಸ್ ನುಡಿಸಿತು. ಮೂಲೆಯಿಂದ ಬೇಸಕ್ಕನೂ ನುಡಿಸಿದಳು. ಎರಡು ಧುಂ ಧುಂ ಒಂದರ ಕಾಲು ಇನ್ನೊಂದು ತುಳಿದು ಹಾಡು ರಾಡಿಯಾಯಿತು. ಕುಣಿಯಲು ಎದ್ದಿದ್ದ ಜೋಡಿಗಳು ನಿಂತು ಮುಖ ಮುಖ ನೋಡಿಕೊಂಡವು. ತಮ್ಮ ಬೆವರಿದ. ಬೇಸಕ್ಕ ತಲೆಯೆತ್ತಲಿಲ್ಲ, ಬಿಡಲಿಲ್ಲ, ಒಂದು ಪೆಟ್ಟೂ ತಪ್ಪಲಿಲ್ಲ. ನನ್ನನ್ನು ನಿಲ್ಲಿಸುವುದಿದ್ದರೆ ನೀನೇ ಬಂದು ಬಾಯಿ ಬಿಟ್ಟು ಹೇಳು ಎಂಬಂತಿತ್ತು ಅವಳು ನುಡಿಸುವ ರೀತಿ. ಡ್ರಮ್ಮಿನವನು ಒಮ್ಮೆ ಆಚೆ, ಒಮ್ಮೆ ಈಚೆ ನೋಡಿ, ಸ್ಟೂಲನ್ನು ಬೇಸಕ್ಕನ ಕಡೆಗೆ ತಿರುಗಿಸಿಕೊಂಡ. ಹಾಡಿನ ಮುಂದಿನ ಸಾಲಿಗೆ ತಮ್ಮನ ಎಡಗೈ ಕೀಬೋರ್ಡಿನಿಂದ ಮೇಲೆದ್ದಿತು. ಜೋಡಿಗಳು ಮತ್ತೆ ಕಾಲು ಹಾಕಿದವು.

ಹಾಡು ಮುಗಿಯುತ್ತಿದ್ದಂತೆ ಮ್ಯಾನೇಜರು ಬಂದ. ಬೇಸಕ್ಕನನ್ನು ಕಂಡೂ ಕಾಣದವನಂತೆ ತಮ್ಮನನ್ನು ಕೇಳಿದ. "ಏನ್ರೀ ಇದು? ನಾಲ್ಕು ಜನ ಅಂತ ಮಾತಾಗಿತ್ತಲ್ಲ?"

ತಮ್ಮ ಅಭ್ಯಾಸದಂತೆ ನೆಲ ನೋಡಿದ. ಬೇಸಕ್ಕ ಅವನ ಸಹಾಯಕ್ಕೆ ಬರಲಿಲ್ಲ. ಚಿಕ್ಕಂದಿನಲ್ಲಿ ಬೀದಿ ಹುಡುಗರು ಹೊಡೆಯಲು ಬಂದಾಗ ಅಡ್ಡ ನಿಂತು ಬೈಯುತ್ತಿದ್ದವಳು ಈಗ ಬೇಕೆಂದೇ ಬಾಯಿ ಬಿಡಲಿಲ್ಲ, ತಮ್ಮನ ಮುಖವನ್ನೇ ನೋಡುತ್ತ ಕೂತಳು. ಅವನು ಅವಳ ಕೈಗಳನ್ನು ನೋಡಿದ. ಬಲಗೈಯಲ್ಲಿ ಅರದ ಬೊಬ್ಬೆ, ಎಡಗೈಯಲ್ಲಿ ಗಾಜು ಗೀರಿದ ಕಡೆ ಪಟ್ಟಿ.

"ಐದು ಜನ ಸಾರ್," ಎಂದ ತಮ್ಮ. ತಲೆಯೆತ್ತಿ, ಮ್ಯಾನೇಜರ ಮುಖಕ್ಕೆ ನೆಟ್ಟಗೆ ನೋಡಿ ಇನ್ನೊಮ್ಮೆ ಹೇಳಿದ. "ಐದು ಜನ. ಬೇಡ ಅಂದ್ರೆ ಒಬ್ಬರೂ ಇಲ್ಲ."

ಪಕ್ಕದ ಮೈಕು ಆನ್ ಆಗಿಯೇ ಇತ್ತು. ಇಡೀ ಹಾಲ್ ಕೇಳಿಸಿಕೊಂಡಿತು. ಮ್ಯಾನೇಜರು ಸುತ್ತ ನೋಡಿದ. ಕುಣಿಯಲು ಎದ್ದವರು ಕೂರದೆ ಹಾಗೇ ನಿಂತು ಅವನನ್ನೇ ನೋಡುತ್ತಿದ್ದರು. ಅವನು ಏನೋ ಗೊಣಗಿಕೊಂಡು ಅಡುಗೆ ಮನೆಯ ಕಡೆ ನಡೆದ.

ಬೇಸಕ್ಕ ಒಂದು ತಂತಿಯನ್ನು ಚೂರು ಬಿಗಿ ಮಾಡಿಕೊಂಡಳು.

"ಮಾತು ಮುಗೀತಾ?" ಎಂದಳು ತಮ್ಮನಿಗೆ. "ಹಾಗಾದ್ರೆ ಹಾಡು ಶುರು ಮಾಡೋ."